ಎಷ್ಟು ದೂರ ಕಾಣ್ತದೆ

ಟಿಕೆಟ್ಟಿನ ಮೇಲೆ ಇದ್ದದ್ದು ಒಂದು ಗಂಟೆ ಐದು ನಿಮಿಷ.
ತುಕೋಜಿ ಮಾವ ಅದನ್ನು ಕರೆಂಟು ಬಿಲ್ಲಿನ ಹಾಗೆ
ಎರಡು ಸಲ ಓದಿ, ಮಡಿಸಿ, "ಸುಳ್ಳು" ಎಂದರು.

ಇಪ್ಪತ್ತೆಂಟು ವರ್ಷ ಭದ್ರಾವತಿಯ ಕಾಗದದ ಉರುಳೆ ಹೇರಿ
ಬೆಂಗಳೂರಿಗೆ ಲಾರಿ ಓಡಿಸಿದವರು.
ಅವರ ಲೆಕ್ಕದಲ್ಲಿ ತರೀಕೆರೆ ಎಂದರೆ ಮೊದಲ ಬೀಡಿ,
ಕಡೂರು ಎಂದರೆ ಇಳಿದು ಟೈರು ಮುಟ್ಟಿ ನೋಡುವುದು,
ಅರಸೀಕೆರೆಯಲ್ಲಿ ಚಹಾ, ತಿಪಟೂರಿನಲ್ಲಿ ನಿದ್ದೆಯ ಜೊತೆ ಜಗಳ,
ತುಮಕೂರು ಅಂದರೆ ಬೆಳಗು.
"ಅವೆಲ್ಲ ಎಲ್ಲಿ ಹೋದವು ನಿನ್ನ ಒಂದು ಗಂಟೇಲಿ?"

ಮೇಲಿಂದ ನೋಡಿ ಮಾವ, ಬರುವಾಗ
ಕಿಟಕಿ ಸೀಟೇ ಹಾಕಿಸಿದ್ದೇನೆ, ಎಂದೆ.
ನಕ್ಷೆಯ ಮೇಲೆ ಸ್ಕೇಲಿಟ್ಟೆ: ರಸ್ತೆಗೆ ಮುನ್ನೂರು,
ನೇರ ಗೆರೆಗೆ ಇನ್ನೂರ ಮೂವತ್ತೆಂಟು.
"ಉಳಿದದ್ದು ಯಾರು ತಿಂದರು?"
ತಿರುವುಗಳು.
"ತಿರುವೇ ಅಲ್ವೇನೇ ರಸ್ತೆ ಅಂದ್ರೆ" ಎನ್ನುತ್ತ ಎದ್ದು ಹೋದರು.

ನನ್ನ ಕೆಲಸ ಸಣ್ಣದು. ಸೋಗಾನೆಯಲ್ಲಿ
ಅರ್ಧ ಗಂಟೆಗೊಮ್ಮೆ ಕೋಣೆಯಿಂದ ಹೊರಬಂದು
ಎಷ್ಟು ದೂರ ಕಾಣುತ್ತದೆ ಎಂದು ನೋಡಿ ಬರೆಯುವುದು.
ಗಾಳಿಚೀಲದ ಕಂಬ ಕಂಡರೆ ಮುನ್ನೂರು ಮೀಟರು,
ಬೇಲಿಯಾಚೆಯ ಒಂಟಿ ಹುಣಸೆ ಎಂಟುನೂರು,
ನೀರಿನ ಟ್ಯಾಂಕು ಸಾವಿರದೈನೂರು.
ಟ್ಯಾಂಕಿನ ಮೇಲೆ ಕೂತ ಕಾಗೆ ಕಂಡರೆ ಅದು ನನ್ನ ಸ್ವಂತ ಖುಷಿ,
ಅದಕ್ಕೆ ಕಾಲಂ ಇಲ್ಲ.

ಮಾವ ಬರುವ ದಿನ ಧನುರ್ಮಾಸದ ಕಾವಳ.
ತುಂಗೆ ಭದ್ರೆ ಇಬ್ಬರೂ ರಾತ್ರಿಯಿಡೀ ಮಾತಾಡಿ
ಉಸಿರನ್ನೆಲ್ಲ ಇಲ್ಲೇ ಬಿಟ್ಟು ಹೋದ ಹಾಗಿತ್ತು.
ಕಂಬ ಇತ್ತು.
ಹುಣಸೆ ಇರಲಿಲ್ಲ.
ಇಲ್ಲ, ಇತ್ತು; ನನಗೆ ಗೊತ್ತು ಎಲ್ಲಿದೆ ಎಂದು,
ಕೊಂಬೆ ಎಲ್ಲಿ ಬಾಗುತ್ತದೆ ಎಂದು,
ಗೊತ್ತಿದ್ದುದರಿಂದ ಕಣ್ಣು ಅಲ್ಲೊಂದು ಮರ ಬರೆಯತೊಡಗಿತು.

ತಲೆಯ ಮೇಲೆ ಎಲ್ಲೋ ಫ್ಯಾನಿನ ಸದ್ದು ಸುತ್ತುತ್ತಿತ್ತು.
ಅದರೊಳಗೆ ಇಸ್ತ್ರಿ ಅಂಗಿಯ ಮಾವ,
ಕಿಟಕಿಗೆ ಮೂಗು ಒತ್ತಿ.
ಟವರಿನಿಂದ ಜೋಸಲಿನ್ ಕೇಳಿದಳು, "ಎಷ್ಟು?"
ಕಣ್ಣು ಮುಚ್ಚಿ ತೆರೆದೆ.
"ನಾಲ್ಕುನೂರು."
ಸದ್ದು ಇನ್ನೊಂದು ಸುತ್ತು ಬಂದು
ಬಂದ ದಾರಿಗೆ ಹೊರಳಿತು.

ಹೋದದ್ದು ಬಂದದ್ದು ಸೇರಿ ಸುಮಾರು ಐನೂರು ಕಿಲೋಮೀಟರು.
ಇಳಿದದ್ದು ಹತ್ತಿದಲ್ಲೇ.
ಎರಡೂವರೆ ಗಂಟೆ, ದೂರ ಸೊನ್ನೆ:
ರಿಜಿಸ್ಟರಿನಲ್ಲಿ ಹೀಗೆ ಯಾರೂ ಬರೆಯುವುದಿಲ್ಲ.

ಸಂಜೆ ಏಳಕ್ಕೆ ಕೆಂಪು ಬಸ್ಸಿನಿಂದ ಇಳಿದರು ಮಾವ,
ಜೇಬಿನಲ್ಲಿ ವಿಮಾನದ ಟಾಫಿ ಎರಡು.
ಬೈಯುತ್ತಾರೆಂದು ಕಾದೆ. ಅವರು ಖುಷಿಯಲ್ಲಿದ್ದರು:
"ಒಂದೇ ಟಿಕೆಟ್ಟಿಗೆ ಎರಡು ಸಲ ಹಾರಿಸಿದರು,
ಬಸ್ಸಿನಲ್ಲಿ ತಿಪಟೂರೂ ಸಿಕ್ತು. ಮೇಲಿಂದ ಏನೂ ಇಲ್ಲ,
ಬರೀ ಬಿಳಿ, ರೈಸ್ ಮಿಲ್ಲಿನ ಹಾಗೆ."

ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು,
"ಬೇಡ ಅಂದದ್ದು ನೀನಂತೆ?"
ಮರ ಕಾಣಲಿಲ್ಲ ಮಾವ.
"ಒಂಚೂರೂ?"
ಕಂಡ ಹಾಗಿತ್ತು. ಕಾಣಲಿಲ್ಲ.

ಅವರು ಸಾರಿನಲ್ಲಿ ಬೆರಳಾಡಿಸಿದರು.
"ಒಂದ್ಸಲ ಕಡೂರು ದಾಟಿ, ಹೀಗೇ ಕಾವಳ.
ರಸ್ತೆ ಕಾಣ್ತದೆ ಅಂದೆ ನಾನು.
ಪಕ್ಕದಲ್ಲಿ ಕ್ಲೀನರ್ ಹಾಲೇಶಿ. ಹದಿನಾರು ವರ್ಷ. ಅವನು ಹೇಳಿದ..."
ಅಲ್ಲಿಗೆ ನಿಂತರು.
ಮಜ್ಜಿಗೆ ಬಡಿಸಿದೆ. ಬೇಡ ಅನ್ನಲಿಲ್ಲ, ಕಲಸಲೂ ಇಲ್ಲ.

ಮರುದಿನ ಪಾಳಿಗೆ ಹೊರಟಾಗ ಇನ್ನೂ ಕತ್ತಲು.
ಹಿತ್ತಲಲ್ಲಿ ಮಾವ ಬಾವಿಕಟ್ಟೆಯಿಂದ ಬೇಲಿಗೆ
ಹೆಜ್ಜೆ ಎಣಿಸುತ್ತ ನಡೆದಿದ್ದರು,
ಬೇಲಿ ಮುಟ್ಟಿ, ತಿರುಗಿ ಬಾವಿಯನ್ನು ನೋಡಿ,
ತಪ್ಪಿತೇನೋ ಎಂಬಂತೆ
ಮತ್ತೆ ಒಂದರಿಂದ.